ಎರಡನೇ ಸಾಕೆಟ್ಟಿಗೆ ನಾನು ಹಾಕಿದ ಕೇಬಲ್

ಶೈಲಾ, ನಿನ್ನ ಕಂಪ್ಯೂಟರ್ ಸುಟ್ಟದ್ದು ನನ್ನಿಂದ. ನಿನ್ನ ಕೈಯಿಂದಲ್ಲ. ಇಷ್ಟು ವರ್ಷ ನಾನು ಬೇರೆಯೇ ಹೇಳಿಕೊಂಡು ಬಂದೆ — ನೆಂಟರ ಮುಂದೆ ನಗುತ್ತ ಹೇಳಿದೆ. ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಚನ್ನರಾಯಪಟ್ಟಣದ ನಿಮ್ಮ ಸ್ಟುಡಿಯೋದಲ್ಲಿ, ಮದುವೆ ವಿಡಿಯೋ ಎಡಿಟಿಂಗಿಗೆಂದು, ಆ ದುಬಾರಿ ಮದರ್‌ಬೋರ್ಡ್ ತರಿಸಿ ನೀನೇ ಕೂತು ಜೋಡಿಸಿದ್ದೆ. ನಾನು ಹಾಸನದಿಂದ ಬಂದವನು, ಸೈನ್ಯದಲ್ಲಿ ಕಿಟ್ ತಪಾಸಣೆ ಮಾಡುತ್ತಿದ್ದ ಹಾಗೆ, ಕೈ ಹಿಂದೆ ಕಟ್ಟಿ ನಿಂತು ನೋಡಿದೆ. ಪ್ರೊಸೆಸರಿಗೆ ಕರೆಂಟು ಕೊಡುವ ಸಾಕೆಟ್ಟು ಎರಡಿದ್ದವು. ಒಂದು ಖಾಲಿ.

"ಇದ್ಯಾಕವ್ವಾ ಬಾಯ್ ಬುಟ್ಕಂಡು ಕೂತದೆ?"

"ಅದ್ರ ಕೇಬಲ್ ಡಬ್ಬದಲ್ಲಿ ಬಂದಿಲ್ಲ ದೊಡ್ಡಪ್ಪ. ಅಂಗ್ಡಿಯೋರು ಕಳಿಸ್ತಾರೆ, ಸದ್ಯಕ್ಕೆ ಒಂದೇ ಸಾಕು. ಬೇರೆ ಕಂಪ್ಯೂಟರಿನ ಪವರ್ ಸಪ್ಲೈದು ಹಾಕ್ಬಾರ್ದು, ತುದಿ ಒಂದೇ ಥರ ಕಂಡ್ರೂ ಒಳಗೆ ವೈರಿನ ಕ್ರಮ ಬೇರೆ ಇರ್ತದೆ. ನೀವು ಮುಟ್ಬೇಡಿ ಕಣಿ. ನಾಳೆ ಪೂಜೆ ಮಾಡಿ ಆನ್ ಮಾಡ್ತೀನಿ, ಬನ್ನಿ."

ಮುಟ್ಟಬೇಡಿ! ನನಗೆ ಹೇಳುವಷ್ಟು ದೊಡ್ಡವಳಾದಳೇ ಇವಳು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿದೆ. ಖಾಲಿ ಬಿಟ್ಟ ಜಾಗ ಅಂದರೆ ಕೆಲಸಗಳ್ಳತನ, ಅಷ್ಟೇ ನನಗೆ ಗೊತ್ತಿದ್ದದ್ದು. ಮರುದಿನ ನನ್ನ ಹಳೆಯ ಕಂಪ್ಯೂಟರಿನ ಕೇಬಲ್ ಚೀಲದಲ್ಲಿಟ್ಟುಕೊಂಡು ಬಂದೆ. ನೀನು ಒಳಗೆ ಆರತಿ ತಟ್ಟೆ ಹೊಂದಿಸುತ್ತಿದ್ದಾಗ ಎರಡೂ ತುದಿ ಒತ್ತಿ ಕೂರಿಸಿದೆ. ಒಂದು ತುದಿ ಬಿಗಿಯಾಯಿತು. ಆಗಲೂ ಕೈ ನಿಲ್ಲಲಿಲ್ಲ. ಟಕ್ ಎಂದು ಕೂತಿತು. ಮುಚ್ಚಳ ಹಾಕಿಬಿಟ್ಟೆ.

ಕುಂಕುಮ ಹಚ್ಚಿ ನೀನು ಸ್ವಿಚ್ ಒತ್ತಿದೆ. ಚಟ್ ಎಂದು ಸದ್ದು, ಸುಟ್ಟ ವಾಸನೆ. ಬೋರ್ಡ್ ಹೋಯಿತು. ಗಂಡ ಪ್ರಕಾಶನನ್ನು ಕರೆಯಲು ನೀನು ಹೊರಗೆ ಓಡಿದಾಗ ನಾನು — ಇದನ್ನು ಬರೆಯಲು ಕೈ ಬರುತ್ತಿಲ್ಲ — ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಆ ಕೇಬಲನ್ನು ಮತ್ತೆ ಚೀಲಕ್ಕೆ ಸೇರಿಸಿದೆ. ಎಂಥ ಶಿಸ್ತು ನೋಡು!

ಪ್ರಕಾಶ ಬಂದು ಏನಾಯಿತೆಂದು ಕೇಳಿದ. ನಾನೇ ಬಾಯಿ ಹಾಕಿದೆ: "ಸರ್ಯಾಗ್ ಒತ್ತಿ ಕೂರ್ಸಿಲ್ಲ ಕಣಪ್ಪ ಇವ್ಳು. ಅವಸ್ರ."

ನೀನು ನನ್ನ ಮುಖ ನೋಡಿದೆ. ದೊಡ್ಡಪ್ಪ ಸುಳ್ಳು ಹೇಳುವವನಲ್ಲ ಎಂದುಕೊಂಡೆಯೋ, ಅಥವಾ —

ಅಂದಿನಿಂದ ಅವನು ನಿನ್ನನ್ನು ಯಂತ್ರ ಮುಟ್ಟಲು ಬಿಡಲಿಲ್ಲ. ಎಡಿಟಿಂಗಿಗೆ ಬೇರೊಬ್ಬನನ್ನು ಇಟ್ಟ. ಹೊಳೆನರಸೀಪುರ, ಅರಕಲಗೂಡಿನಿಂದ ಜನ ನಿನ್ನ ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಈಗ ನೀನು ಬಾಗಿಲ ಪಕ್ಕದ ಮೇಜಿನಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತೀಯ. ನಾನು ಬಂದರೆ ಎದ್ದು ಕುರ್ಚಿ ಕೊಡುತ್ತೀಯ. ನಾಚಿಕೆಯಿಲ್ಲದೆ ಕೂರುತ್ತೇನೆ.

ಇವತ್ತು ಬೆಳಿಗ್ಗೆ ಪ್ರಕಾಶನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ನಕ್ಕ. "ಓಗ್ಲಿ ಬುಡಿ ಮಾವ, ಹಳೇ ಕತೆ. ಅವ್ಳಿಗ್ ಮಾತ್ರ ಏಳ್ಬೇಡಿ, ಆಮೇಲ್ ತಲೆ ಮೇಲ್ ಕೂತ್ಕತಾಳೆ."

ಮೈ ಉರಿದುಹೋಯಿತು. ಬೈಯಲು ಹೊರಟೆ — ಯಾವ ಬಾಯಿಯಿಂದ ಬೈಯಲಿ? ಅವನಿಗೆ ಆ ಮಾತಾಡುವ ಧೈರ್ಯ ಕೊಟ್ಟವನೇ ನಾನು.

ಭಾನುವಾರ ಬರುತ್ತೇನೆ. ಅವನೆದುರು, ಆ ಎಡಿಟಿಂಗಿನವನೆದುರು, ನಿಂತೇ ಹೇಳುತ್ತೇನೆ. ನಿನಗೆ ಬೈಯಬೇಕು ಅನ್ನಿಸಿದರೆ ಅಲ್ಲೇ ಬೈ. ಆದರೆ ಇನ್ನೂ ಒಂದಿದೆ ಶೈಲಾ. ನಿನಗೆ ಹೇಳಬೇಕಾದ್ದನ್ನು ನಾನು ಮೊದಲು ನಿನ್ನ ಗಂಡನಿಗೆ ಹೇಳಿದೆ. ಇಷ್ಟೆಲ್ಲ ಆದ ಮೇಲೂ.