ಲೈನು ಸರಿ ಇತ್ತು

ಹುಬ್ಬಳ್ಳಿಯ ಹಳೇ ಗಿರಣಿ ಚಾಳಿಗೆ, ಅಂದರೆ ಕೂಲಿಕಾರರ ಮನೆಸಾಲಿಗೆ, ಇಂಟರ್ನೆಟ್ ಬಂದದ್ದು 2002ರ ಬೇಸಿಗೆಯಲ್ಲಿ. ಅದನ್ನು ಸರಕಾರದವರು ತಂದದ್ದಲ್ಲ, ಚಾಳಿನವರೇ ತಂದುಕೊಂಡದ್ದು. ಗಿರಣಿ ಮುಚ್ಚಿದ ಮೇಲೆ ಅವರ ಪಾಲಿಗೆ ಉಳಿದದ್ದು ವಾಚನಾಲಯದ ಒಂದು ಖೋಲಿ ಮತ್ತು ಲಗ್ನಗಳಿಗೆ ಬಾಡಿಗೆ ಕೊಡುವ ದೊಡ್ಡ ದೊಡ್ಡ ಅಡಿಗೆ ಭಾಂಡೆಗಳು. ಆ ಬಾಡಿಗೆ ಕೂಡಿಸಿಟ್ಟು, ವಿದ್ಯಾನಗರದ ಕಾಲೇಜೊಂದು ಮಾರಿದ ಹಳೆಯ ಕಂಪ್ಯೂಟರ್ ಕೊಂಡರು. ಗಿರಣಿಯಲ್ಲಿ ಆಳುಗಳ ಮೇಲಿನ ಮುಕಾದಮ ಆಗಿದ್ದ ಫಕೀರೇಶಪ್ಪ ಟೆಲಿಫೋನ್ ಆಫೀಸಿಗೆ ಎಡತಾಕಿ ಎಡತಾಕಿ ಖೋಲಿಗೆ ಫೋನು ಹಾಕಿಸಿದರು.

"ಕೇಶ್ವಾಪುರದ ಸೈಬರ್ ಕೆಫೆದಾಗ ತಾಸಿನ ಲೆಕ್ಕದಾಗ ರೊಕ್ಕಾ ಕೊಟ್ಟು ಕುಂಡ್ರತಾರ. ನಮ್ಮ ಮಂದಿ ನಮ್ಮ ಖೋಲ್ಯಾಗ ಪುಕ್ಕಟ ಕುಂಡರ್ಲಿ" ಎನ್ನುವುದು ಅವರ ಹಟ.

ಆದರೆ ಅದನ್ನು ನಡೆಸುವವರು ಯಾರು? ಎಲ್ಲರೂ ಒಂದೇ ಹೆಸರು ಹೇಳಿದರು: ಸಿತಾರಾ. ಸೈಕಲ್ ರಿಪೇರಿ ಮಕಬೂಲಸಾಬರ ಮಗಳು. ವಿದ್ಯಾನಗರದ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವಳು ಚಾಳಿನಲ್ಲಿ ಅವಳೊಬ್ಬಳೇ.

ಹೋಗಿ ಬಂದದ್ದೇನೋ ನಿಜ. ಅಲ್ಲಿ ನಾಲ್ಕು ಮಂದಿಗೆ ಒಂದು ಕಂಪ್ಯೂಟರ್ ಇತ್ತು. ಮನೆಯಲ್ಲಿ ಕಂಪ್ಯೂಟರ್ ಇದ್ದ ಹುಡುಗಿಯರು ಮೌಸ್ ಹಿಡಿದರೆ ಬಿಡುತ್ತಿರಲಿಲ್ಲ. ಸಿತಾರಾ ಹಿಂದೆ ನಿಂತು ನೋಡುತ್ತಿದ್ದಳು. ಅಪ್ಪ ಕೇಳಿದಾಗ "ಎಲ್ಲಾ ಕಲತೆ" ಅಂದಿದ್ದಳು. ಅಪ್ಪ ಆ ಮಾತನ್ನು ಇಡೀ ಚಾಳಿಗೆ ಹೇಳಿದ್ದರು.

ಮೊದಲ ದಿನ ಕಂಪ್ಯೂಟರ್ ಅಂಗಡಿಯವ ಬಂದು ಎಲ್ಲ ಜೋಡಿಸಿ, ಹೆಸರು, ಪಾಸ್‌ವರ್ಡ್ ಹಾಕಿ ತೋರಿಸಿದ. ಫೋನಿಗೆ ಹಚ್ಚಿದ ಮೋಡೆಮ್ ಪೆಟ್ಟಿಗೆ ಕಿರ್ರೆಂದು ಕಿರುಚಿ ಪರದೆಯ ಮೇಲೆ ಪುಟ ತೆರೆದಾಗ ಸಕ್ಕರೆ ಹಂಚಿದರು. ಮರುದಿನ ಸಿತಾರಾ ಒಬ್ಬಳೇ ಕೂತು ಅದನ್ನೇ ಮಾಡಿದಳು. ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೆ ಹಾಕಿದರೂ ಅದೇ ಮಾತು.

ಬೆನ್ನ ಹಿಂದೆ ರಾಜಬಿ ನಿಂತಿದ್ದಳು. ಅವಳ ಗಂಡ ಕುವೈತಿನಲ್ಲಿ ಡ್ರೈವರ್. ಇ-ಮೇಲಿನಲ್ಲಿ ಫೋಟೋ ಕಳಿಸಿದ್ದೇನೆ, ನೋಡು ಎಂದು ಫೋನಿನಲ್ಲಿ ಹೇಳಿದ್ದ.

"ಏನಾತ ಸಿತಾರಾ?"

"ಲೈನ್ ಇಲ್ಲ ಭಾಭಿ."

ಮಾತು ತಾನಾಗಿ ಬಾಯಿಂದ ಬಿದ್ದಿತ್ತು. ಸಂಜೆ ಅಂಗಡಿಗೆ ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ "ಕ್ಲಾಸ್ ಮಾಡೀರಲ್ಲರಿ?" ಎಂದು ಅವನು ನಕ್ಕರೆ? ಅವಳು ಹೋಗಲಿಲ್ಲ. ಬದಲಿಗೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿದಳು, ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದಳು. ಫೋನು ನಡೆಯುತ್ತಿದೆಯಲ್ಲ ಎಂದು ಕೇಳಿದವರಿಗೆ "ಮಾತಾಡಾಕ ಸಾಕಾಗೂ ಲೈನು ನೆಟ್‌ಗೆ ಸಾಕಾಗೂದಿಲ್ಲ" ಎಂದಳು. ರಾಜಬಿ ದಿನಾ ಬಂದು ಹೊಸ್ತಿಲಲ್ಲಿ ಕೂತು ಹೋಗುತ್ತಿದ್ದಳು.

ಫಕೀರೇಶಪ್ಪ ಅವಳ ಮಾತು ನಂಬಿ ಟೆಲಿಫೋನ್ ಆಫೀಸಿಗೆ ಹೋಗಿ ಜಗಳ ತೆಗೆದರು. ಲೈನ್‌ಮನ್ ಅಹಮದಸಾಬ ಬಂದ. ದೊಡ್ಡ ರಸ್ತೆಯ ಕಂಬದಿಂದ ಖೋಲಿಯವರೆಗೆ ತಂತಿ ನೋಡಿ, ತನ್ನ ಫೋನು ಹಚ್ಚಿ ಕೇಳಿ, "ಲೈನ್ ಛಲೋ ಐತ್ರಿ" ಎಂದ.

ಫಕೀರೇಶಪ್ಪನವರ ಸಿಟ್ಟು ನೆತ್ತಿಗೇರಿತು. "ಛಲೋ ಇದ್ರ ನಮ್ಮ ಹುಡುಗಿ ಸುಳ್ಳ ಹೇಳತಾಳೇನು? ಚಾಪಾಣಿ ರೊಕ್ಕಕ್ಕ ಕೈ ಒಡ್ಡಾಕ ಬಂದೀಯೇನ ಇಲ್ಲಿ? ಬಡವರ ಓಣಿ ಅಂದ್ರ ನಿಮಗ ಹಿಂಗ!"

ಸುತ್ತ ನಿಂತವರೂ ದನಿಗೂಡಿಸಿದರು. ಯಾರೋ ಅವನ ಚೀಲ ಕಿತ್ತು ಅಂಗಳಕ್ಕೆ ಎಸೆದರು. ಅಹಮದಸಾಬ ಒಮ್ಮೆ ಸಿತಾರಾಳ ಕಡೆ ನೋಡಿದ. ಅವಳು ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಮಾಡುತ್ತ ತಲೆ ತಗ್ಗಿಸಿದಳು. ಅವನು ಬಗ್ಗಿ ಇಕ್ಕಳ, ತಂತಿ ಆರಿಸಿಕೊಂಡು ಹೋದ. ಫಕೀರೇಶಪ್ಪ ಅವನ ಮೇಲೆ ದೂರು ಕೊಟ್ಟು ಬಂದರು.

 ಕೊನೆಗೆ ಸಿತಾರಾ ಯಾರಿಗೂ ಹೇಳದೆ ಕೇಶ್ವಾಪುರದ ಸೈಬರ್ ಕೆಫೆಗೆ ಹೋದಳು. ಅದನ್ನು ನಡೆಸುತ್ತಿದ್ದವಳು ಸುಮಲತಾ.

"ಅಕ್ಕಾರ, ನನಗ ಏನೂ ಬರೂದಿಲ್ಲ. ಮೊದಲಿಂದ ಹೇಳಿಕೊಡ್ರಿ."

ಪಾಸ್‌ವರ್ಡ್ ಕತೆ ಕೇಳಿ ಸುಮಲತಾ ಕೀಬೋರ್ಡಿನ ಎಡಗಡೆಯ ಒಂದು ಗುಂಡಿ ಒತ್ತಿ ತೋರಿಸಿದಳು. ಮೂಲೆಯಲ್ಲಿ ಹಸಿರು ದೀಪ ಹತ್ತಿತು. "ಇದು ಹತ್ತಿದ್ರ ಎಲ್ಲಾ ದೊಡ್ಡ ಅಕ್ಷರ ಬೀಳತಾವ. ಪಾಸ್‌ವರ್ಡ್ ತಗೊಳ್ಳೂದಿಲ್ಲ. ಎಲ್ಲಾರಿಗೂ ಆಗತೈತಿ ಇದು."

ಎಲ್ಲಾರಿಗೂ ಆಗತೈತಿ. ಅಷ್ಟು ಸಣ್ಣ ಗುಂಡಿಗಾಗಿ ಒಬ್ಬ ಮನುಷ್ಯನ ಚೀಲ ಅಂಗಳಕ್ಕೆ ಬಿದ್ದಿತ್ತು. ಸಿತಾರಾ ಅಲ್ಲೇ ಕೂತು ಅತ್ತಳು.

ಮರುದಿನ ಖೋಲಿಯಲ್ಲಿ ಪುಟ ತೆರೆಯಿತು. ರಾಜಬಿಯ ಗಂಡ ಬಿಳಿ ಕಾರಿನ ಪಕ್ಕ ನಿಂತಿದ್ದ ಫೋಟೋ ಮೇಲಿನಿಂದ ನಿಧಾನಕ್ಕೆ ಇಳಿಯಿತು. ಜನ ಮುಕುರಿಕೊಂಡರು. "ನೋಡ್ರಿ, ಜಗ್ಗಾಡಿದ್ದಕ್ಕ ಲೈನ್ ಕೊಟ್ರು!" ಎಂದು ಫಕೀರೇಶಪ್ಪ ಮೀಸೆ ತಿರುವಿದರು.

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸಿತಾರಾ ಕುರ್ಚಿ ಬಿಟ್ಟು ಎದ್ದಳು.

"ಕಾಕಾ, ಲೈನು ಮೊದಲಿಂದನೂ ಸರಿ ಇತ್ತು. ನನಗ ಬರ್ತಿದ್ದಿಲ್ಲ. ಕ್ಲಾಸಿನ್ಯಾಗ ನಾ ಏನೂ ಕಲತಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಪ್ಪ ಮಕಬೂಲಸಾಬರು ಹೊರಗೆ ಹೋಗಿಬಿಟ್ಟರು. ರಾಜಬಿ ಪರದೆಯಿಂದ ಕಣ್ಣು ತೆಗೆದಳು. "ಫೋಟೋ ಕಳಿಸೇ ಇಲ್ಲ, ಸುಳ್ಳ ಹೇಳತೀರಿ ಅಂತ ನಾ ಫೋನಿನ್ಯಾಗ ಅವರ ಜೋಡಿ ಜಗಳಾಡೇನಿ. ಗೊತ್ತೈತಿ ನಿನಗ?"

ಫಕೀರೇಶಪ್ಪ ಬೆಂಚಿನ ಮೇಲೆ ಕುಸಿದು ಕೂತರು. ಬೈಯಲಿಲ್ಲ. "ಆ ಮನುಷ್ಯಾಗ ನಾ ಏನೇನ ಅಂದ್ನೆವ್ವಾ" ಎಂದಷ್ಟೇ ಅಂದರು.

ಅವರೂ ಸಿತಾರಾಳೂ ನವನಗರದಲ್ಲಿದ್ದ ಅಹಮದಸಾಬನ ಮನೆ ಹುಡುಕಿಕೊಂಡು ಹೋದರು. ಅವನ ಹೆಂಡತಿ ಶಹಜಹಾನಬೇಗಂ ನೀರು ಕೊಟ್ಟಳು. ಅಹಮದಸಾಬ ಎಲ್ಲ ಕೇಳಿಸಿಕೊಂಡ.

"ನಿಮ್ಮ ಓಣ್ಯಾಗ ಕಂಬಾ ಇದ್ದಿದ್ದಿಲ್ಲ. ಗ್ವಾಡಿ ಹತ್ತಿ ಆ ತಂತಿ ಎಳದಾಂವ ನಾನ. ಬೈಯೂದು ಎಲ್ಲಾರ ಮುಂದ, ತಪ್ಪಾತು ಅನ್ನೂದು ನನ್ನ ಮನ್ಯಾಗೇನ್ರಿ?"

 ಫಕೀರೇಶಪ್ಪ ದೂರು ಹಿಂದಕ್ಕೆ ಪಡೆಯಲು ಹೋದಾಗ, ಅವನನ್ನು ಕಲಘಟಗಿಗೆ ವರ್ಗ ಮಾಡಿದ ಆದೇಶ ಆಗಲೇ ಹೊರಟಿತ್ತು. ರವಿವಾರ ಅಹಮದಸಾಬನನ್ನು ಚಾಳಿಗೆ ಕರೆಸಿದರು. ಚೀಲ ಎಸೆದ ದಿನ ಜೋರಾಗಿ ಕೂಗಿದವರಲ್ಲಿ ಅರ್ಧ ಮಂದಿ ಮನೆಯಿಂದ ಹೊರಗೆ ಬರಲಿಲ್ಲ. ಬಂದವರ ಎದುರು ಫಕೀರೇಶಪ್ಪ ಕೈ ಮುಗಿದರು, ಸಿತಾರಾ ತಾನು ಸುಳ್ಳು ಹೇಳಿದ್ದನ್ನು ಮತ್ತೊಮ್ಮೆ ಒಪ್ಪಿಕೊಂಡಳು. "ಆತು ಬಿಡ್ರಿ" ಎಂದ ಅಹಮದಸಾಬ, ಚಹಾ ಕುಡಿಯದೆ ಹೋದ.

ಖೋಲಿಯ ಕೆಲಸ ಬಿಡುತ್ತೇನೆಂದಳು ಸಿತಾರಾ. ಫಕೀರೇಶಪ್ಪ ಒಪ್ಪಲಿಲ್ಲ. "ಕಲತು ಕಲಸು" ಎಂದರು. ಅವಳು ಕೇಶ್ವಾಪುರಕ್ಕೆ ಹೋಗಿ ಕಲಿತಳು, ಬಂದು ಕಲಿಸಿದಳು. ಹೊದಿಕೆಯ ಬಟ್ಟೆ ತೆಗೆದು ಎಲ್ಲರ ಕೈಗೂ ಮೌಸ್ ಕೊಟ್ಟಳು. ರಾಜಬಿ ಎಲ್ಲರಿಗಿಂತ ಬೇಗ ಕಲಿತಳು, ಆದರೆ ಕೀಬೋರ್ಡ್ ಬಿಟ್ಟು ಬೇರೆ ಮಾತನ್ನು ಸಿತಾರಾಳ ಜೊತೆ ಬಹಳ ದಿನ ಆಡಲಿಲ್ಲ. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಖೋಲಿಯಲ್ಲಿ ಮೂರು ಕಂಪ್ಯೂಟರ್ ಆದವು. ಪಕ್ಕದ ಓಣಿಯವರೂ ಬರತೊಡಗಿದರು.

2008ರಲ್ಲಿ ಒಂದು ಮಧ್ಯಾಹ್ನ ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಲ್ಲಿ ಸಿತಾರಾಗೆ ಅಹಮದಸಾಬ ಕಂಡ. ಗಡ್ಡ ಪೂರಾ ಬೆಳ್ಳಗಾಗಿತ್ತು. ಕಲಘಟಗಿ ಬಸ್ಸಿಗೆ ಕಾಯುತ್ತಿದ್ದ. ಖೋಲಿ ಹೇಗೆ ನಡೆದಿದೆ ಎಂದು ಹೇಳಬೇಕೆಂದು ಎರಡು ಹೆಜ್ಜೆ ಮುಂದಿಟ್ಟಳು. ಅವನು ಇತ್ತ ತಿರುಗುತ್ತಿದ್ದಂತೆ ದುಪಟ್ಟಾ ಮುಂದಕ್ಕೆಳೆದುಕೊಂಡು ಹಣ್ಣಿನ ಗಾಡಿಯ ಹಿಂದೆ ಸರಿದು ನಿಂತಳು. ಬಸ್ಸು ಹೊರಟು ಹೋಗುವವರೆಗೂ ಅಲ್ಲಿಂದ ಕದಲಲಿಲ್ಲ.