ಹುಳದ ಮನೆಯಲ್ಲಿ ಐದು ಸ್ಪೀಕರ್

ಸ್ಪೀಕರ್ ಕೊಳ್ಳುವುದಕ್ಕೆ ಇಷ್ಟೊಂದು ಓದಬೇಕೆಂದು ಗೊತ್ತಿದ್ದರೆ ನಾನು ಆ ಆಸೆಯನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. ಸಾದಲಿಯ ನಮ್ಮ ಮನೆಯ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಕೋಣೆಯಿದೆ. ಹುಳದ ಮನೆ ಎಂದೇ ಕರೆಯುತ್ತೇವೆ. ಅಪ್ಪನಿಗೆ ಮಂಡಿನೋವು ಜಾಸ್ತಿಯಾಗಿ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೊರುವುದು ಕಷ್ಟವಾದಾಗ, ಇನ್ನು ಸಾಕು ನಿಲ್ಲಿಸೋಣ ಎಂದವನು ನಾನೇ. ಶಿಡ್ಲಘಟ್ಟದಲ್ಲಿ ಮೇಷ್ಟ್ರಾಗಿರುವ ನನಗೆ ಹುಳು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ಖಾಲಿ ಕೋಣೆಯಲ್ಲಿ ಹೋಮ್ ಥಿಯೇಟರ್ ಮಾಡುತ್ತೇನೆ ಎಂದಾಗ ಅಪ್ಪ ಹ್ಞೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. ಆಮೇಲೆ ಆ ಕಡೆ ಕಾಲೇ ಇಡಲಿಲ್ಲ. ಕೋಪವೋ, ಬೇಜಾರೋ, ಬರೀ ಮಂಡಿನೋವೋ, ನನಗೆ ಗೊತ್ತಾಗಲಿಲ್ಲ.

ಗೊತ್ತಾಗದ ಇನ್ನೊಂದು ವಿಷಯ ಸ್ಪೀಕರಿನದು. ಮುಂದಿನ ಮೂರಕ್ಕೆ ತಕರಾರಿಲ್ಲ, ಟೀವಿ ಇದ್ದ ಕಡೆ ಅವೂ ಇದ್ದವು. ಕಾಟ ಕೊಟ್ಟಿದ್ದು ಹಿಂದಿನ ಎರಡು. ಸೋಫಾದ ಅಕ್ಕಪಕ್ಕ, ಕಿವಿಗಿಂತ ಒಂದೆರಡು ಅಡಿ ಮೇಲಿರಲಿ ಎಂದ ಚಿಂತಾಮಣಿಯ ಅಂಗಡಿಯವನು. ಹಿಂದಿನ ಗೋಡೆಗೇ ಹೊಡೆಸು ಎಂದರು ಗೌರಿಬಿದನೂರಿನ ಭಾವ. ಮೊಬೈಲಿನ ವಿಡಿಯೋದವನು ಡಿಗ್ರಿ ಲೆಕ್ಕ ಹೇಳಿದ. ನಾನು ಸ್ಕೂಲಿನ ಕೋನಮಾಪಕವನ್ನೇ ತಂದು ಅಳೆದೆ. ದೊಡ್ಡದು ತಗೋ ಎಂದು ಒಬ್ಬ, ಹಿಂದಕ್ಕೆ ಚಿಕ್ಕದೇ ಸಾಕು ಎಂದು ಇನ್ನೊಬ್ಬ. ತಲೆ ಮೊಸರು ಗಡಿಗೆಯಾಯಿತು. ಸೋಫಾವನ್ನು ನಾಲ್ಕನೇ ಸಲ ಎಳೆದಾಗ, ಸಿನಿಮಾ ನೋಡುವುದು ಸೋಫಾವೋ ನಾವೋ ಎಂದು ಹೆಂಡತಿ ಕೇಳಿದಳು.

ಕೊನೆಗೆ ಚಿಕ್ಕವನ್ನೇ ಕೊಂಡು, ಹಿಂದಿನ ಕಿಟಕಿಗಳ ಪಕ್ಕ ನಾನೇ ಮೊಳೆ ಹೊಡೆದು ತೂಗುಹಾಕಿದೆ. ಒಂದು ದಿನ ಚೆನ್ನಾಗಿದೆ ಅನ್ನಿಸಿತು, ಮಾರನೆಯ ದಿನ ಏನೋ ಕಮ್ಮಿ ಅನ್ನಿಸಿತು. ಮೂರು ವಾರ ಹೀಗೇ ಕಳೆಯಿತು.

ಒಂದು ಭಾನುವಾರ ಮಧ್ಯಾಹ್ನ ಪರೀಕ್ಷೆಗೆಂದು ಬರೀ ಮಳೆಯ ಶಬ್ದ ಹಾಕಿಕೊಂಡು ಕೂತಿದ್ದೆ. ಬಾಗಿಲ ಹೊರಗೆ ನೀರು ಸುರಿದ ಸದ್ದಾಯಿತು. ಅಪ್ಪ ಚಪ್ಪಲಿ ಬಿಟ್ಟು ಕೈಕಾಲು ತೊಳೆಯುತ್ತಿದ್ದ. ಹುಳಕ್ಕೆ ರೋಗ ತಗುಲಬಾರದೆಂದು ನಮ್ಮಲ್ಲಿ ಯಾರೂ ತೊಳೆಯದೆ ಆ ಕೋಣೆಗೆ ಹೋಗುತ್ತಿರಲಿಲ್ಲ. ಈಗ ಹುಳವೇ ಇಲ್ಲ. ನಾನು ಚಪ್ಪಲಿ ಹಾಕಿಕೊಂಡೇ ಒಳಗಿದ್ದೆ.

ಸೋಫಾದಲ್ಲಿ ಕೂರು ಎಂದೆ. ಅವನು ಅದನ್ನು ದಾಟಿ, ಹಿಂದಿನ ಗೋಡೆಯ ಹತ್ತಿರ ಉಳಿದಿದ್ದ ಹಳೆಯ ಸ್ಟೂಲಿನ ಮೇಲೆ ಕೂತ. ಅದು ಅವನ ಜಾಗ. ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಬಕಾಸುರನ ಹಾಗೆ ತಿನ್ನುತ್ತವೆ, ಆಗ ಕೋಣೆ ತುಂಬ ಮಳೆ ಸುರಿದಂತೆ ಸದ್ದು. ಸದ್ದು ಎಲ್ಲಿ ತೆಳುವಾಯಿತೋ ಅಲ್ಲಿ ಸೊಪ್ಪು ಮುಗಿದಿದೆ ಎಂದು ಲೆಕ್ಕ. ಅಪ್ಪ ಸ್ಟೂಲಿನಿಂದ ಏಳದೆಯೇ ಯಾವ ಸಾಲಿನ ತಟ್ಟೆಗಳಿಗೆ ಸೊಪ್ಪು ಬೇಕೆಂದು ಹೇಳುತ್ತಿದ್ದ.

ಈಗಲೂ ಕಣ್ಣು ಮುಚ್ಚಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಎಡಗಡೆಗೆ ಕೈ ತೋರಿಸಿದ.

“ಈ ಸಾಲಲ್ಲಿ ಸೊಪ್ಪು ಮುಗ್ದೈತೆ ಕಣಪ್ಪ.”

ಅಪ್ಪನಿಗೆ ಮರೆವು ಶುರುವಾಯಿತೇ? ಎದ್ದು ಅವನು ಕೈ ತೋರಿಸಿದ ಕಡೆ ಹೋಗಿ, ಹಿಂದಿನ ಎಡಗಡೆಯ ಸ್ಪೀಕರಿಗೆ ಕಿವಿ ಕೊಟ್ಟೆ. ಅದು ಸುಮ್ಮನಿತ್ತು. ಹಿಂದೆ ವೈರು ಕಳಚಿ ಜೋತಾಡುತ್ತಿತ್ತು. ಕೋನಮಾಪಕ ಹಿಡಿದು ಓಡಾಡಿದ ನನಗೆ ಇದು ಗೊತ್ತೇ ಆಗಿರಲಿಲ್ಲ. ವೈರು ಸಿಕ್ಕಿಸಿದೆ.

“ಹ್ಞಾಂ, ಈಗ ತಿಂತಾವೆ,” ಎಂದ.

ಅದು ತಮಾಷೆಯೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ನಕ್ಕೆ, ಅವನು ನಗಲಿಲ್ಲ.

“ಎಲ್ಲಿಡ್ಬೇಕು ಅಂತ ನೀನು ಚಿಂತಾಮಣೀಲಿ ಕೇಳ್ದೆ, ಗೌರಿಬಿದನೂರಲ್ಲಿ ಕೇಳ್ದೆ. ಈ ಮನೇಲಿ ನಲವತ್ತು ವರ್ಷ ಕಿವಿ ಇಟ್ಕೊಂಡು ಕೂತಿದ್ದೋನು ನಾನು. ನನ್ನನ್ನ ಒಂದ್ ಮಾತು ಕೇಳ್ಲಿಲ್ಲ ನೀನು.”

ಹುಳು ಸಾಕುವುದನ್ನು ನಿಲ್ಲಿಸುವಾಗಲೂ ಅವನನ್ನು ಕೇಳಿರಲಿಲ್ಲ. ಹೇಳಿದ್ದೆ, ಅಷ್ಟೇ. ತುಂಬಾ ನಾಚಿಕೆಯಾಯಿತು. ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಬಂದೆ. ಅವನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಎಲ್ಲಿಡಲಿ ಅಪ್ಪ ಎಂದು ಕೇಳಿದೆ.

ಅಪ್ಪ ನನ್ನ ಒದ್ದೆ ಕಾಲು ನೋಡಿದ. ಆಮೇಲೆ ಮತ್ತೆ ಕಣ್ಣು ಮುಚ್ಚಿಕೊಂಡ.

“ತಡಿ. ಇನ್ನೊಂದ್ ಸಲ ಹಾಕು, ಕೇಳಣ.”