ದೇಸಾಯಿ ಮತ್ತು ಲಂಡನ್ನಿನ ಮಂಜೂರಾತಿ

ದೇಸಾಯಿಯನ್ನು ನಾನು ಎಷ್ಟು ಕರೆದರೂ ಊಟಕ್ಕೆ ಏಳುತ್ತಿರಲಿಲ್ಲ. "ನೀವು ಬರೇ ಗವರ್ನರ್ ಅದೀರಿ. ಬಜೆಟ್‌ನ್ಯಾಗ ಇಲ್ಲದ ಖರ್ಚು ನಾನು. ಮಂಜೂರಾತಿ ಲಂಡನ್ನಿಂದ ಬರಬೇಕ್ರಿ" ಎನ್ನುತ್ತಿದ್ದ. ಆಮೇಲೆ ಅಡುಗೆಮನೆಯ ಕಡೆ ಕತ್ತು ಚಾಚಿ, "ವೈನೀ, ಲಂಡನ್ ಏನಂತದರೀ?" ಎಂದು ಅತ್ತಿಗೆಯನ್ನು ಕರೆಯುವಂತೆ ಕೂಗುತ್ತಿದ್ದ. ಒಳಗಿಂದ ನನ್ನ ಹೆಂಡತಿ ವಿಮಲ "ಮಂಜೂರು!" ಎನ್ನುತ್ತಿದ್ದಳು, ನಗುತ್ತ.

ಆ ನಗುವೇ ನನ್ನ ಹೊಟ್ಟೆ ಉರಿಸುತ್ತಿದ್ದುದು.

ಅವನು ಧಾರವಾಡದವನು. ಅಮೆರಿಕದ ಆಸ್ಟಿನ್‌ನಲ್ಲಿ ಇತಿಹಾಸದ ಸಂಶೋಧನೆ ಮಾಡುತ್ತಿದ್ದ. ಬಜೆಟ್ಟಿನಲ್ಲಿ ಇಲ್ಲದ ಖರ್ಚಿಗೆ ಒಪ್ಪಿಗೆ ಕೊಡಲು ಬ್ರಿಟಿಷ್ ವಸಾಹತುಗಳ ಗವರ್ನರುಗಳಿಗೆ ಎಷ್ಟು ಅಧಿಕಾರವಿತ್ತು ಎಂಬುದು ಅವನ ವಿಷಯ. ಇಂಥ ಒಣ ವಿಷಯ ಹಿಡಿದವನನ್ನು ಕಂಡು ಮೊದಲು ಕನಿಕರಪಟ್ಟೆ. ನಾನು ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ ಚಂದ್ರನಿಗೆ ಹೋಗುವ ನೌಕೆಯ ಕೆಲಸದಲ್ಲಿದ್ದ ಎಂಜಿನಿಯರ್. ಆದರೆ ಶನಿವಾರ ಅವನು ಬಸ್ಸಿಳಿದು ಬಂದು ಬಾಯಿ ತೆರೆದರೆ ನನ್ನ ಚಂದ್ರನನ್ನು ಕೇಳುವವರೇ ಇರುತ್ತಿರಲಿಲ್ಲ.

"ಗವರ್ನರ್ ಸಾಹೇಬ ಹೊಳೀ ದಂಡೀ ಮ್ಯಾಲ ನಿಂತಾನ್ರಿ. ಹಿಂದ ಕುದುರಿ, ಬ್ಯಾಂಡು, ಸಲಾಮು. ಮುಂದ ಸೇತುವೆ ಕೊಚ್ಚಿಕೊಂಡು ಹೋಗ್ಯದ. ಕಟ್ಟಸಬೇಕಂದ್ರ ಅಧಿಕಾರ ಇಲ್ಲ! ಲಂಡನ್ನಿಗೆ ಪತ್ರ ಬರದು, ಛತ್ರಿ ಹಿಡಕೊಂಡು ಕಾಯ್ತಾನ." ಅಷ್ಟು ಹೇಳಿ ಎದ್ದು ನಿಂತು, ಇಲ್ಲದ ಛತ್ರಿಯನ್ನು ಬಿಚ್ಚುತ್ತಿದ್ದ. ವಿಮಲ ಪ್ರತಿ ಸಲವೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕವಳಲ್ಲ.

ಚಂದ್ರನ ಮೇಲೆ ಮನುಷ್ಯ ಇಳಿಯುವುದನ್ನು ನೋಡಲೆಂದು, ಊರಿಗೆ ಹೋಗಿಬರಲು ಕೂಡಿಟ್ಟ ಹಣದಲ್ಲಿ ನಾನು ಟೀವಿ ತಂದುಬಿಟ್ಟೆ. ವಿಮಲ ನನ್ನ ಜೊತೆ ಮಾತು ಬಿಟ್ಟಳು. ಸಮಾಧಾನ ಮಾಡಿ ಸಾಕಾಗಿ ಹೋಯಿತು. ಶನಿವಾರ ದೇಸಾಯಿ ಬಂದ, ವಿಷಯ ಕೇಳಿದ, ಸೋಫಾದ ಮೇಲೆ ನ್ಯಾಯಾಧೀಶನಂತೆ ಕೂತ.

"ತುರ್ತಿದ್ರ ಗವರ್ನರ್ ಮೊದಲ ಖರ್ಚು ಮಾಡಿ ಆಮ್ಯಾಲೆ ಕೇಳಬಹುದ್ರಿ. ಆದ್ರ ಲಂಡನ್ ಒಪ್ಪಲಿಲ್ಲಂದ್ರ ತನ್ನ ಕಿಸೆದಿಂದ ತುಂಬಬೇಕು. ಹೇಳ್ರಿ ವೈನಿ, ಚಂದ್ರ ತುರ್ತೇನು?"

"ಚಂದ್ರ ಎಲ್ಲಿಗೂ ಓಡಿಹೋಗ್ತಿರಲಿಲ್ಲ ದೇಸಾಯರೇ. ಇವರೇ ತುಂಬಲಿ!" ಎಂದು ವಿಮಲ ನಕ್ಕೇಬಿಟ್ಟಳು.

ಜಗಳ ಮುಗಿಯಿತು. ನಾನು ಓವರ್‌ಟೈಮ್ ಮಾಡಿ ಹಣ ತುಂಬಿದೆ. ಸಂತೋಷಪಡಬೇಕಿತ್ತು, ಪಡಲಿಲ್ಲ. ನನ್ನ ಹೆಂಡತಿಯ ಮುನಿಸು ಇಳಿಸಲು ಧಾರವಾಡದವನು ಬರಬೇಕಾಯಿತಲ್ಲ ಎಂದು ಉರಿದುಹೋದೆ.

ಕೊನೆಗೆ ಅವನು ಹಳೆಯ ಕಾಗದಪತ್ರ ನೋಡಲು ನಿಜವಾದ ಲಂಡನ್ನಿಗೇ ಹೊರಟ. ಹ್ಯೂಸ್ಟನ್ ಏರ್‌ಪೋರ್ಟಿಗೆ ನಾವಿಬ್ಬರೂ ಹೋಗಿದ್ದೆವು. "ಇನ್ನ ನಿಮ್ಮ ಮನ್ಯಾಗ ನೀವ ಗವರ್ನರ್, ನೀವ ಲಂಡನ್" ಎಂದು ನನ್ನ ಕೈ ಕುಲುಕಿದ. ಅಲ್ಲೇ ಕೆಲಸ ಸಿಕ್ಕಿತಂತೆ, ಮತ್ತೆ ಬರಲಿಲ್ಲ.

ಕೆಲವು ವಾರಗಳ ನಂತರದ ಒಂದು ಶನಿವಾರ ವಿಮಲ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ನನಗೇನನ್ನಿಸಿತೋ, ಬಾಗಿಲ ಬಳಿ ನಿಂತು ಥೇಟ್ ಅವನ ದನಿಯಲ್ಲಿ, "ವೈನೀ, ಲಂಡನ್ ಏನಂತದರೀ?" ಎಂದೆ.

ಅವಳು ಮುಖ ತುಂಬ ನಗುತ್ತ ತಿರುಗಿದಳು. ನನ್ನನ್ನು ನೋಡಿ, "ಓ, ನೀವಾ?" ಎಂದಳು.